ಪ್ರಮಾದವೂ ಹಿಂಸೆಯೇ

ನೀರನ್ನು ಸೋಸದೆ ಕುಡಿಯಬಾರದು, ಹೊತ್ತು ಮುಳುಗಿದ ಮೇಲೆ ಉಣ್ಣಬಾರದು, ಧಾನ್ಯವನ್ನು ಆರಿಸದೆ ಒಲೆಯ ಮೇಲೆ ಇಡಬಾರದು ಎಂಬ ಎಚ್ಚರದಲ್ಲಿಯೇ ನಾವೆಲ್ಲ ಬೆಳೆದವರು. ನಮ್ಮ ತಾಯಂದಿರು ಮೊರದಲ್ಲಿ ಕಾಳನ್ನು ಹರಡಿ, ಬೆಳಕಿಗೆ ಹಿಡಿದು, ಒಂದು ಹುಳವಿದ್ದರೂ ಅದಕ್ಕೆ ನೋವಾಗದಂತೆ ಅಂಗಳಕ್ಕೆ ಬಿಡುತ್ತಿದ್ದುದನ್ನು ಚಿಕ್ಕಂದಿನಿಂದ ಕಂಡಿದ್ದೇನೆ. ಈ ಎಚ್ಚರ ನಮ್ಮ ಮನೆತನಗಳ ನಿಜವಾದ ಸಂಪತ್ತು. ಆದರೆ ಇಷ್ಟೆಲ್ಲ ಎಚ್ಚರವಿದ್ದ ಮನೆಯಲ್ಲಿಯೇ, ಆ ಮೊರವನ್ನು ಹಿಡಿದ ಜೀವವೊಂದು ಎಲ್ಲರ ಕಣ್ಣೆದುರಿನಲ್ಲಿ ಕರಗುತ್ತಿದ್ದಾಗ ನಾವು ಯಾರೂ ಅದನ್ನು ಕಾಣಲಿಲ್ಲ. ಆ ಜೀವ ನನ್ನ ಅಕ್ಕ. ಇದನ್ನು ಬರೆಯಲು ನನಗೆ ಇಷ್ಟು ವರ್ಷ ಧೈರ್ಯ ಬರಲಿಲ್ಲ. ಈಗ ಬರೆಯುತ್ತಿರುವುದು ದುಃಖವನ್ನು ಹಂಚಿಕೊಳ್ಳಲು ಅಲ್ಲ. ಓದುವ ಮನೆಗಳಲ್ಲಿ ಒಂದಾದರೂ ಎಚ್ಚೆತ್ತುಕೊಳ್ಳಲಿ ಎಂಬ ಆಸೆಯಿಂದ.

ನಾವು ಭಾಲ್ಕಿಯವರು. ನಾನು ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದು 2021ರಲ್ಲಿ ನಿವೃತ್ತಳಾದೆ. ನನಗಿಂತ ಮೂರು ವರ್ಷ ಹಿರಿಯಳಾದ ಅಕ್ಕನನ್ನು ಔರಾದ ತಾಲ್ಲೂಕಿನ ಒಂದು ಹಳ್ಳಿಗೆ ಕೊಟ್ಟಿದ್ದರು. ಕೂಡು ಕುಟುಂಬ, ಒಂದು ಕಿರಾಣಿ ಅಂಗಡಿ, ಎಂಟು ಎಕರೆ ಕಪ್ಪು ಭೂಮಿ. ಮನೆಯಲ್ಲಿ ಮೊದಲು ಏಳುವವಳೂ ಅವಳೇ, ಕೊನೆಗೆ ಉಣ್ಣುವವಳೂ ಅವಳೇ. ಪ್ರತಿ ಭಾದ್ರಪದದಲ್ಲಿ ದಶಲಕ್ಷಣ ಪರ್ವಕ್ಕೆ ತವರಿಗೆ ಬಂದು ಬಸದಿಯಲ್ಲಿ ಪೂಜೆಗೆ ಕೂಡುವುದು ಅವಳ ನಿಯಮ.

2016ರ ಪರ್ವದಲ್ಲಿ ಅಕ್ಕ ಬಂದಳು, ಆದರೆ ಬಸದಿಯ ಒಳಗೆ ಬರಲಿಲ್ಲ. ಹೊರಗಿನ ಕಟ್ಟೆಯ ಮೇಲೆಯೇ ಕುಳಿತಳು. ಮೊಣಕಾಲು ನೋವು, ಮೆಟ್ಟಿಲು ಹತ್ತಲಾಗದು ಎಂದಳು. ಎಲ್ಲರೂ ನಂಬಿದೆವು. ಮರುವರ್ಷ ತವರಿಗೇ ಬರಲಿಲ್ಲ. ಕ್ಷಮಾವಣಿಯ ದಿನ ನಾನೇ ಅವಳ ಊರಿಗೆ ಹೋದೆ. ಹಿತ್ತಲಿನಲ್ಲಿ ಬಟ್ಟೆ ಹಿಂಡುತ್ತಿದ್ದವಳ ಮುಖ ಬಿಳಿಚಿಕೊಂಡಿತ್ತು. ಬಹಳ ಒತ್ತಾಯಿಸಿದ ಮೇಲೆ, ದನಿ ತಗ್ಗಿಸಿ ಹೇಳಿದಳು: ಒಂದು ವರ್ಷಕ್ಕೂ ಮೇಲ್ಪಟ್ಟು ರಕ್ತ ಹೋಗುತ್ತಿದೆ. ಮುಟ್ಟು ನಿಂತು ಏಳು ವರ್ಷಗಳಾಗಿದ್ದವಳು ಅದು ಮತ್ತೆ ಶುರುವಾಗಿದೆ ಎಂದೇ ತಿಳಿದಿದ್ದಳು. ಅದಕ್ಕಾಗಿಯೇ ಬಸದಿಯ ಹೊಸ್ತಿಲನ್ನು ದಾಟಿರಲಿಲ್ಲ. “ನನಗೇನಾಗ್ಯಾದ? ವಯಸ್ಸಿನ ತ್ರಾಸು, ಹೋಗ್ತದ ಬಿಡು” ಎಂದಳು. ದಣಿವೆಂದು ಒಬ್ಬ ವೈದ್ಯರಲ್ಲಿಗೆ ಹೋಗಿ ಕಬ್ಬಿಣದ ಗುಳಿಗೆಗಳನ್ನು ತಂದಿದ್ದಳಂತೆ. ಅವರು ಹೆಚ್ಚು ಕೇಳಲಿಲ್ಲ, ಇವಳು ಹೆಚ್ಚು ಹೇಳಲಿಲ್ಲ.

ಬೀದರಿನಲ್ಲಿ ಪರೀಕ್ಷೆಯಾಯಿತು. ಗರ್ಭಕಂಠದ ಕ್ಯಾನ್ಸರ್ ಆಗಲೇ ಸುತ್ತಲಿನ ಭಾಗಗಳಿಗೆ ಹರಡಿತ್ತು. 2017ರ ಅಕ್ಟೋಬರಿನ ಕೊನೆಯಲ್ಲಿ ಬೀದರ–ಕಲಬುರಗಿ ರೈಲುಮಾರ್ಗ ಆರಂಭವಾಗಿತ್ತು. ಆ ಹೊಸ ರೈಲಿನಲ್ಲಿಯೇ ಅಕ್ಕನನ್ನು ವಿಕಿರಣ ಚಿಕಿತ್ಸೆಗೆಂದು ಕರೆದುಕೊಂಡು ಹೋದೆವು. ಮರುವರ್ಷದ ಶ್ರಾವಣದಲ್ಲಿ ಅವಳು ತೀರಿಕೊಂಡಳು.

ಅನಂತರ ನನ್ನನ್ನು ಕಾಡಿದ್ದು ರೋಗವಲ್ಲ, ಒಂದು ಸಂಗತಿ. ಐವತ್ತೆಂಟು ವರ್ಷದ ಹೆಂಗಸೊಬ್ಬಳು ಪರ್ವದ ದಿನ ಬಸದಿಯ ಹೊರಗೆ ಕುಳಿತಿದ್ದಾಗ, ಒಳಗಿದ್ದ ನಾವು ಅಷ್ಟೂ ಹೆಂಗಸರಲ್ಲಿ ಒಬ್ಬರೂ ಅವಳ ಪಕ್ಕದಲ್ಲಿ ಕುಳಿತು ಕಾರಣವನ್ನು ಕೇಳಲಿಲ್ಲ. ಶುದ್ಧಿ–ಅಶುದ್ಧಿಯ ಲೆಕ್ಕ ನಮಗೆ ಚೆನ್ನಾಗಿ ಗೊತ್ತಿತ್ತು. ಆ ವಯಸ್ಸಿನಲ್ಲಿ ಆ ಲೆಕ್ಕ ಬರಬಾರದು ಎಂಬುದೂ ಗೊತ್ತಿತ್ತು. ಎರಡನ್ನೂ ಕೂಡಿಸಿ ನೋಡಲಿಲ್ಲ. ಜೀವಶಾಸ್ತ್ರ ಕಲಿಸಿದ ನಾನು ಮೊದಲ ತಪ್ಪಿತಸ್ಥಳು. ಮೂವತ್ತು ವರ್ಷಗಳ ವೃತ್ತಿಯಲ್ಲಿ ಗರ್ಭಕೋಶದ ಚಿತ್ರವಿದ್ದ ಪುಟ ಬಂದಾಗಲೆಲ್ಲ “ಇದನ್ನು ಮನೆಯಲ್ಲಿ ಓದಿಕೊಳ್ಳಿರಿ” ಎಂದು ಹೇಳಿ ಮುಂದಿನ ಪಾಠಕ್ಕೆ ಹೋದವಳು ನಾನು.

ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನು ಅದರ ಮೂಲದಲ್ಲಿಯೇ ಇರಿಸಿದೆ ಎಂಬುದು ಈ ಪತ್ರಿಕೆಯ ಓದುಗರಿಗೆ ತಿಳಿದದ್ದೇ. ಕೈಯೆತ್ತಿ ಹೊಡೆಯುವುದು ಮಾತ್ರ ಹಿಂಸೆಯಲ್ಲ, ಎಚ್ಚರದಿಂದ ಇರಬೇಕಾದಲ್ಲಿ ಎಚ್ಚರ ತಪ್ಪುವುದೂ ಹಿಂಸೆಯೇ ಎಂದು ನಾನು ಅದನ್ನು ಅರ್ಥ ಮಾಡಿಕೊಂಡಿದ್ದೇನೆ. ಕಾಳಿನೊಳಗಿನ ಹುಳದ ವಿಷಯದಲ್ಲಿ ನಾವು ಪ್ರಮಾದಿಗಳಲ್ಲ. ಮನೆಯ ಹೆಣ್ಣುಮಕ್ಕಳ ದೇಹದ ವಿಷಯದಲ್ಲಿ ಮಾತ್ರ ನಾವು ಪ್ರಮಾದಿಗಳು.

ಇದು ಒಂದು ಮನೆಯ ಕಥೆ ಮಾತ್ರವಲ್ಲ. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ 2022ರ ಅಂದಾಜಿನಂತೆ ಭಾರತದಲ್ಲಿ ಆ ಒಂದೇ ವರ್ಷ ಸುಮಾರು 1,92,000 ಮಹಿಳೆಯರಿಗೆ ಸ್ತನ ಕ್ಯಾನ್ಸರ್, ಸುಮಾರು 1,27,500 ಮಹಿಳೆಯರಿಗೆ ಗರ್ಭಕಂಠದ ಕ್ಯಾನ್ಸರ್ ಹೊಸದಾಗಿ ತಗಲಿದೆ. ಗರ್ಭಕಂಠದ ಕ್ಯಾನ್ಸರಿನಿಂದಲೇ ಸುಮಾರು 80,000 ಮಂದಿ ತೀರಿಕೊಂಡಿದ್ದಾರೆ. ಈ ಎರಡನೆಯ ರೋಗದ ವಿಷಯದಲ್ಲಿ ಇಷ್ಟು ಸಾವುಗಳು ಸಂಭವಿಸುತ್ತಿರುವುದು ವಿಶೇಷವಾಗಿ ಖೇದಕರ. ಏಕೆಂದರೆ ಇದು ಬಹಳ ನಿಧಾನವಾಗಿ ಬೆಳೆಯುವ ರೋಗ. ಎಚ್.ಪಿ.ವಿ. ಎಂಬ ವೈರಸ್ ಇದಕ್ಕೆ ಕಾರಣವೆಂದು ತೋರಿಸಿಕೊಟ್ಟ ಜರ್ಮನಿಯ ವಿಜ್ಞಾನಿ ಹೆರಾಲ್ಡ್ ಜುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು. ಈ ವೈರಸ್ ದಾಂಪತ್ಯ ಸಂಬಂಧದಿಂದಲೂ ಬರುವ, ಅತ್ಯಂತ ಸಾಮಾನ್ಯವಾದ ಸೋಂಕು. ಬಹುಪಾಲು ಮಹಿಳೆಯರಲ್ಲಿ ಒಂದೆರಡು ವರ್ಷಗಳಲ್ಲಿ ತಾನಾಗಿಯೇ ಹೋಗಿಬಿಡುತ್ತದೆ. ಕೆಲವರಲ್ಲಿ ಮಾತ್ರ ಉಳಿದು, ಸಾಮಾನ್ಯವಾಗಿ ಹದಿನೈದು ಇಪ್ಪತ್ತು ವರ್ಷಗಳಲ್ಲಿ ಕ್ಯಾನ್ಸರಾಗುತ್ತದೆ. ಆದ್ದರಿಂದ ಈ ಸೋಂಕು ಪತ್ತೆಯಾದರೆ ಅದು ಯಾರ ಶೀಲದ ಮೇಲೂ ಬಂದ ತೀರ್ಪಲ್ಲ. ಈ ಮಾತನ್ನು ನಮ್ಮ ಮನೆಗಳಲ್ಲಿ ಸ್ಪಷ್ಟವಾಗಿ ಹೇಳಬೇಕಾಗಿದೆ.

ಆ ಹದಿನೈದು ವರ್ಷಗಳಲ್ಲಿ ಎಂದಾದರೂ ಒಮ್ಮೆ ನೋಡಿದ್ದರೆ ಸಾಕಾಗಿತ್ತು. ನೋಡುವ ಕ್ರಮವೂ ಸರಳ. ತರಬೇತಿ ಪಡೆದ ದಾದಿಯೊಬ್ಬಳು ತೆಳುವಾದ ಅಸಿಟಿಕ್ ಆಮ್ಲವನ್ನು, ಎಂದರೆ ವಿನಿಗರಿನಂಥ ದ್ರಾವಣವನ್ನು, ಗರ್ಭಕಂಠಕ್ಕೆ ಹಚ್ಚಿ ಒಂದು ನಿಮಿಷ ಕಾಯುತ್ತಾಳೆ. ದೋಷವಿರುವ ಭಾಗ ಬೆಳ್ಳಗಾಗಿ ಕಾಣುತ್ತದೆ. ಇದಕ್ಕೆ ವಿ.ಐ.ಎ. ಪರೀಕ್ಷೆ ಎನ್ನುತ್ತಾರೆ. ಸ್ತನದ ಪರೀಕ್ಷೆಯೂ ಕೈಯಿಂದಲೇ ಆಗುವಂಥದು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಿಂದ ಅಲ್ಲಿನ ಬಡ ಬಡಾವಣೆಗಳ ಸುಮಾರು ಒಂದೂವರೆ ಲಕ್ಷ ಮಹಿಳೆಯರಲ್ಲಿ ಇವೆರಡನ್ನೂ ಪರೀಕ್ಷಿಸಿ ನೋಡಿದರು. ಪರೀಕ್ಷೆ ಮಾಡಿದವರು ಅಲ್ಪಕಾಲದ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು. ಗರ್ಭಕಂಠದ ಕ್ಯಾನ್ಸರಿನ ಸಾವು ನೂರಕ್ಕೆ 31ರಷ್ಟು ತಗ್ಗಿತು. ಸ್ತನ ಕ್ಯಾನ್ಸರಿನಲ್ಲಿ 2021ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಐವತ್ತು ದಾಟಿದವರಲ್ಲಿ ಸಾವು ನೂರಕ್ಕೆ ಸುಮಾರು 30ರಷ್ಟು ಕಡಿಮೆಯಾಯಿತು. ಅದಕ್ಕಿಂತ ಚಿಕ್ಕವರಲ್ಲಿ ಅಂಥ ಲಾಭ ಕಾಣಲಿಲ್ಲ ಎಂಬುದನ್ನೂ ಹೇಳುವುದು ಪ್ರಾಮಾಣಿಕತೆ.

ಮುಂಬಯಿ ದೂರವೆನ್ನುವವರಿಗೆ ಇನ್ನೂ ಹತ್ತಿರದ ಉದಾಹರಣೆಯಿದೆ. ನಮ್ಮ ಬಸವಕಲ್ಯಾಣದ ಗಡಿಗೆ ತಾಗಿಕೊಂಡಿರುವ ಉಸ್ಮಾನಾಬಾದ ಜಿಲ್ಲೆ, ಈಗಿನ ಧಾರಾಶಿವ. ಭೂಮಿ, ಬೆಳೆ, ಬಡತನ, ಸಂಕೋಚ ಎಲ್ಲವೂ ನಮ್ಮದರಂತೆಯೇ. ಅಲ್ಲಿ 1999ರಲ್ಲಿ ಆರಂಭವಾದ ಅಧ್ಯಯನವೊಂದರಲ್ಲಿ 30ರಿಂದ 59 ವರ್ಷದ 1,31,746 ಮಹಿಳೆಯರನ್ನು ನಾಲ್ಕು ಗುಂಪು ಮಾಡಿದರು. ಮೂರು ಗುಂಪುಗಳಿಗೆ ಮೂರು ಬಗೆಯ ಪರೀಕ್ಷೆ, ನಾಲ್ಕನೆಯ ಗುಂಪಿಗೆ ಪರೀಕ್ಷೆಯಿಲ್ಲ. 2009ರಲ್ಲಿ ಫಲಿತಾಂಶ ಪ್ರಕಟವಾಯಿತು. ಜೀವನದಲ್ಲಿ ಒಂದೇ ಒಂದು ಸಲ ಎಚ್.ಪಿ.ವಿ. ಪರೀಕ್ಷೆಗೆಂದು ಆರಿಸಿದ 34,126 ಮಹಿಳೆಯರ ಗುಂಪಿನಲ್ಲಿ ಈ ರೋಗದಿಂದ ತೀರಿಕೊಂಡವರು 34. ಪರೀಕ್ಷೆಯಿಲ್ಲದ 31,488 ಮಹಿಳೆಯರ ಗುಂಪಿನಲ್ಲಿ 64. ಪರೀಕ್ಷೆಗೆ ಕರೆದವರಲ್ಲಿ ಸುಮಾರು ನೂರಕ್ಕೆ 80 ಮಂದಿ ಬಂದಿದ್ದರು. ಮನೆಮನೆಗೆ ಹೋಗಿ ತಿಳಿಸಿ, ಕರೆದು, ಹತ್ತಿರದಲ್ಲಿಯೇ ಪರೀಕ್ಷೆ ಮಾಡಿದ್ದರಿಂದ ಅದು ಸಾಧ್ಯವಾಯಿತು. ನಮ್ಮ ಹೆಂಗಸರು ಬರುವುದಿಲ್ಲ ಎಂಬ ಮಾತು ಸುಳ್ಳೆಂದು ಅಲ್ಲಿಯೇ ಸಿದ್ಧವಾಗಿದೆ.

ಆ ನಾಲ್ಕನೆಯ ಗುಂಪಿಗೆ ಪರೀಕ್ಷೆ ಮಾಡದೆ ಬಿಟ್ಟದ್ದು ನ್ಯಾಯವೇ ಎಂದು ಮುಂದೆ ಅನೇಕರು ಪ್ರಶ್ನಿಸಿದರು. ಪ್ರಶ್ನೆ ಯೋಗ್ಯವಾದುದೇ. ಆದರೆ ಅದನ್ನು ಓದಿದಾಗ ನನಗೆ ಅನಿಸಿದ್ದು ಬೇರೆ. ಅಲ್ಲಿ ಇನ್ನೂ ತಿಳಿಯದ ಸತ್ಯವನ್ನು ತಿಳಿಯಲು ಒಂದು ಗುಂಪನ್ನು ಬಿಟ್ಟಿದ್ದರು. ಇಲ್ಲಿ ಎಲ್ಲವೂ ತಿಳಿದ ಮೇಲೆಯೂ ನಾವು ನಮ್ಮ ತಾಯಿ, ಅಕ್ಕ, ಹೆಂಡತಿಯರನ್ನು ಆ ನಾಲ್ಕನೆಯ ಗುಂಪಿನಲ್ಲಿಯೇ ಇರಿಸಿದ್ದೇವೆ. ನಮ್ಮನ್ನು ಯಾರು ಪ್ರಶ್ನಿಸಬೇಕು?

ಸರ್ಕಾರ ಸುಮ್ಮನಿಲ್ಲ. 30ರಿಂದ 65 ವರ್ಷದವರಿಗೆ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರುಗಳ ತಪಾಸಣೆಯನ್ನು ಐದು ವರ್ಷಕ್ಕೊಮ್ಮೆ ಮಾಡಬೇಕೆಂದು ಕೇಂದ್ರ ಆರೋಗ್ಯ ಇಲಾಖೆ 2016ರಲ್ಲಿಯೇ ಕ್ರಮವನ್ನು ಗೊತ್ತುಪಡಿಸಿತು. ಆದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ದೇಶದ 30ರಿಂದ 49 ವರ್ಷದ ಮಹಿಳೆಯರಲ್ಲಿ ಗರ್ಭಕಂಠದ ಪರೀಕ್ಷೆಯನ್ನು ಎಂದಾದರೂ ಮಾಡಿಸಿಕೊಂಡವರು ನೂರಕ್ಕೆ 1.9, ಸ್ತನ ಪರೀಕ್ಷೆ ಮಾಡಿಸಿಕೊಂಡವರು ನೂರಕ್ಕೆ 0.9. ನೂರರಲ್ಲಿ ಇಬ್ಬರೂ ಇಲ್ಲ.

ಇದೇಕೆ ಹೀಗೆ ಎಂಬುದಕ್ಕೆ ಉತ್ತರವನ್ನು ನಾನು ಹೊರಗೆ ಹುಡುಕಬೇಕಾಗಲಿಲ್ಲ. ಅಕ್ಕ ಹೋದ ಮರುವರ್ಷ, 2019ರಲ್ಲಿ, ಆಶಾ ಕಾರ್ಯಕರ್ತೆಯೊಬ್ಬಳು ನಮೂನೆಯೊಂದನ್ನು ಹಿಡಿದು ನಮ್ಮ ಮನೆಗೆ ಬಂದಳು. “ಟೀಚರ್, ನಿಮ್ಮ ಹೆಸರು ಬರ್ಕೊಳ್ಳಲೇನ್ರಿ?” ಎಂದಳು. ನನ್ನ ಬಾಯಿಂದ ಹೊರಟ ಮಾತು: “ನನಗೇನಾಗ್ಯಾದ?” ಅದು ಅಕ್ಕನ ಮಾತೇ ಆಗಿತ್ತು. ಅವಳು ಹೊರಟುಹೋದ ಮೇಲೆ ಅದು ನನಗೆ ಹೊಳೆಯಿತು. ಮರುದಿನ ಅವಳ ಮನೆಯನ್ನು ಹುಡುಕಿಕೊಂಡು ಹೋಗಿ ಹೆಸರು ಬರೆಸಿದೆ.

ಪರೀಕ್ಷೆಗೆ ಹೋದ ದಿನ ಕೈಕಾಲು ತಣ್ಣಗಾಗಿದ್ದವು. ಪರದೆಯ ಹಿಂದೆ ಒಬ್ಬಳೇ ದಾದಿ. ನೋವಾಗಲಿಲ್ಲ, ಕೊಂಚ ಮುಜುಗರವಾಯಿತು, ಐದು ನಿಮಿಷದಲ್ಲಿ ಮುಗಿಯಿತು. ಮುಟ್ಟು ನಿಂತ ವಯಸ್ಸಿನಲ್ಲಿ ಈ ಪರೀಕ್ಷೆಯಿಂದ ಪೂರ್ತಿ ಕಾಣುವುದಿಲ್ಲವೆಂದು ಆಕೆ ನನ್ನನ್ನು ಪ್ಯಾಪ್ ಪರೀಕ್ಷೆಗೆ ಬೀದರಿಗೆ ಕಳುಹಿಸಿದಳು. ಅಲ್ಲಿಯೂ ದೋಷವಿರಲಿಲ್ಲ. ಬಸ್ಸಿನಲ್ಲಿ ಹಿಂದಿರುಗುವಾಗ, ಅಕ್ಕನಿಗೆ ಇಲ್ಲದೆ ಹೋದ ಈ ಐದು ನಿಮಿಷಗಳನ್ನು ನೆನೆದು ಅತ್ತೆ.

ನಿವೃತ್ತಿಯ ಮೇಲೆ, 2022ರಿಂದ, ಆಶಾ ಕಾರ್ಯಕರ್ತೆಯರ ಜೊತೆಯಲ್ಲಿ ನಾನೂ ಮನೆಗಳಿಗೆ ಹೋಗುತ್ತಿದ್ದೇನೆ. ಜೈನ ಮನೆಗಳು ನಮ್ಮ ಜಿಲ್ಲೆಯಲ್ಲಿ ಕೆಲವೇ. ನಾವು ಹೋಗುವುದು ಎಲ್ಲರ ಮನೆಗಳಿಗೆ. ಬರದಿರುವ ಕಾರಣ ಊರಿಂದ ಊರಿಗೆ ಬೇರೆ ಎಂಬುದು ನನ್ನ ಅನುಭವ. ಬೀದರ ನಗರದ ಓದಿದ ಮನೆಗಳಲ್ಲಿ “ಏನಾದರೂ ಆದರೆ ಹೈದರಾಬಾದಿಗೇ ಹೋಗುತ್ತೇವೆ” ಎನ್ನುತ್ತಾರೆ. ಏನೂ ಆಗದಿರುವಾಗಲೇ ಮಾಡಿಸಬೇಕಾದುದು ತಪಾಸಣೆ ಎಂಬುದನ್ನು ಓದಿದವರಿಗೆ ತಿಳಿಸುವುದೇ ಹೆಚ್ಚು ಕಷ್ಟ. ಭಾಲ್ಕಿಯಲ್ಲಿ ಹೆಂಗಸರಿಗೆ ಮನಸ್ಸಿದೆ, ಬಿಡುವಿಲ್ಲ, ಜೊತೆಗೆ ಬರುವವರಿಲ್ಲ. ಔರಾದ ಕಡೆಯ ಹಳ್ಳಿಗಳಲ್ಲಿ ಅನೇಕ ಮನೆಗಳ ಮಾತು ಮರಾಠಿ. ಕನ್ನಡದ ಕರಪತ್ರ ಅಲ್ಲಿ ಮಡಚಿದಂತೆಯೇ ಉಳಿಯುತ್ತದೆ. ಹೆಸರು, ಉದ್ದು ಬಿಡಿಸುವ ದಿನಗಳಲ್ಲಿ, ಸೋಯಾ ಕಟಾವಿನಲ್ಲಿ, ಒಂದು ದಿನದ ಕೂಲಿಯನ್ನು ಬಿಟ್ಟು ಬಾ ಎನ್ನುವ ಹಕ್ಕು ನಮಗಿಲ್ಲ. “ದವಾಖಾನಿಗಿ ಹೋದ್ರ ಇಲ್ಲದ ರೋಗ ಹೊರಗ ಬರ್ತದ” ಎಂಬ ಭಯ ಮೂರು ಕಡೆಗೂ ಸಮಾನ.

ನಾನು ಕಂಡಂತೆ, ಭಾಷಣದಿಂದ ಬಂದವರು ಕಡಿಮೆ. “ನಾನು ಮಾಡಿಸಿಕೊಂಡಿದ್ದೇನೆ, ಹೀಗಾಗುತ್ತದೆ, ನಿನ್ನ ಜೊತೆ ನಾನು ಬರುತ್ತೇನೆ” ಎಂದಾಗ ಬಂದವರು ಹೆಚ್ಚು. ದಿನವನ್ನು ಮೊದಲೇ ಗೊತ್ತುಮಾಡಿ, ಸುಗ್ಗಿಯನ್ನು ತಪ್ಪಿಸಿ, ಮುಟ್ಟಿನ ದಿನಗಳಿದ್ದವರಿಗೆ ಬೇರೆ ದಿನ ಕೊಟ್ಟು, ವಾಹನವನ್ನು ಓಣಿಯವರೆಗೆ ತಂದರೆ ಒಬ್ಬಳ ಹಿಂದೆ ನಾಲ್ವರು ಬರುತ್ತಾರೆ. ಪರೀಕ್ಷೆ ಮಾಡುವವಳು ಹೆಣ್ಣೇ ಎಂದು ಮೊದಲೇ ಹೇಳಬೇಕು. ಬಾಗಿಲಿಗೆ ಚಿಲಕ, ಪರದೆ, ಪಕ್ಕದಲ್ಲಿ ಬಚ್ಚಲು ಇರಬೇಕು. ಇವು ಸಣ್ಣ ಸಂಗತಿಗಳಂತೆ ಕಾಣುತ್ತವೆ. ಅರ್ಧ ದಾರಿಯಿಂದ ಹೆಂಗಸರು ಹಿಂದಿರುಗುವುದು ಇವು ಇಲ್ಲದಿರುವುದರಿಂದಲೇ.

ಎಲ್ಲಕ್ಕಿಂತ ಕಠಿಣವಾದುದು ಪರೀಕ್ಷೆಯ ಅನಂತರದ ಹೆಜ್ಜೆ. ಔರಾದ ತಾಲ್ಲೂಕಿನ ನಲವತ್ತೊಂದು ವರ್ಷದ ಒಬ್ಬಾಕೆಗೆ ಬಿಳಿ ಮಚ್ಚೆ ಕಂಡಿತು. ಬಿಳಿ ಮಚ್ಚೆಯೆಂದರೆ ಕ್ಯಾನ್ಸರ್ ಅಲ್ಲ. ಮುಂದೆ ನೋಡಬೇಕೆಂಬ ಸೂಚನೆ ಮಾತ್ರ. ಆದರೆ ಆ ದಿನದಿಂದ ಆಕೆ ಊಟ ಬಿಟ್ಟಳು. ಗಂಡ “ಆಕೀಗಿ ಏನೂ ತ್ರಾಸ ಇಲ್ಲ, ಸುಮ್ಮ ಯಾಕ ಬೀದರಿಗಿ ಒಯ್ತೀರಿ?” ಎಂದ. ಮೂರು ಸಲ ಹೋದೆವು. ಮೂರನೆಯ ಸಲ ನಾನು ಅಕ್ಕನ ಕಥೆಯನ್ನು ಹೇಳಿದೆ. ಆತ ಬಹಳ ಹೊತ್ತು ಸುಮ್ಮನಿದ್ದು, ಮರುದಿನ ತಾನೇ ಕರೆತಂದ. ಬೀದರಿನಲ್ಲಿ ಇನ್ನೊಮ್ಮೆ ಪರೀಕ್ಷಿಸಿ, ಅದು ಕ್ಯಾನ್ಸರಿಗೆ ಮುಂಚಿನ ಸ್ಥಿತಿಯೆಂದು ಖಚಿತಪಡಿಸಿಕೊಂಡು, ಆ ಭಾಗವನ್ನು ಶಾಖದಿಂದ ಸುಟ್ಟು ತೆಗೆದರು. ಸಂಜೆಯ ಬಸ್ಸಿಗೆ ಗಂಡಹೆಂಡಿರಿಬ್ಬರೂ ಊರಿಗೆ ಹೋದರು. ಆಕೆಯನ್ನು ಮೂರು ಸಲ ಹುಡುಕಿಕೊಂಡು ಹೋಗದಿದ್ದರೆ, ತಪಾಸಣೆಯಾಗಿಯೂ ಫಲವಿರುತ್ತಿರಲಿಲ್ಲ. ಶಿಬಿರ ಮಾಡಿ, ಫೋಟೋ ತೆಗೆಸಿ, ಪಟ್ಟಿಯನ್ನು ಕಪಾಟಿನಲ್ಲಿಟ್ಟರೆ ಅದು ಪುಣ್ಯಕಾರ್ಯವಲ್ಲ. ದೋಷ ಕಂಡವರನ್ನು ಕೊನೆಯವರೆಗೆ ಮುಟ್ಟಿಸುವ ವ್ಯವಸ್ಥೆಯಿಲ್ಲದೆ ಶಿಬಿರ ಮಾಡುವುದು ಭಯವನ್ನು ಹಂಚಿದಂತೆ.

“ಕರ್ಮದಲ್ಲಿದ್ದಂತೆ ಆಗುತ್ತದೆ” ಎಂಬ ಮಾತನ್ನೂ ಕೇಳಿದ್ದೇನೆ. ಕರ್ಮಸಿದ್ಧಾಂತವು ನಮ್ಮನ್ನು ಜವಾಬ್ದಾರರನ್ನಾಗಿ ಮಾಡುತ್ತದೆಯೇ ಹೊರತು ನಿಷ್ಕ್ರಿಯರನ್ನಾಗಿ ಅಲ್ಲ. ಮನೆಯ ಮಾಡು ಸೋರಿದರೆ ಕರ್ಮವೆಂದು ಯಾರೂ ಕೂಡುವುದಿಲ್ಲ, ಹೆಂಚು ಸರಿಮಾಡುತ್ತೇವೆ. ದೇಹ ಅನಿತ್ಯವೆಂಬ ಅರಿವು ವ್ರತಿಗಳಿಗೆ ಭೂಷಣ. ಆದರೆ ಅದನ್ನು ಬೇರೊಬ್ಬರ ನೋವಿಗೆ ಉತ್ತರವಾಗಿ ಹೇಳುವ ಅಧಿಕಾರ ನಮಗಿಲ್ಲ.

ಬಸದಿಗಳ ವಿಶ್ವಸ್ತ ಮಂಡಳಿಗಳಲ್ಲಿ ನನ್ನದೊಂದು ವಿನಮ್ರ ಅರಿಕೆ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ಔಷಧದಾನವೆಂದರೆ ರೋಗ ಬಂದ ಮೇಲೆ ಕೊಡುವ ಗುಳಿಗೆ ಮಾತ್ರವೇ? ರೋಗ ಬರುವ ಮುನ್ನವೇ ಕಾಣುವುದು ಔಷಧದಾನವೂ ಹೌದು, ಅಭಯದಾನವೂ ಹೌದು. ಪರೀಕ್ಷೆಯನ್ನು ಬಸದಿಯ ಆವರಣದಲ್ಲಿ ನಡೆಸಬೇಕಾಗಿಲ್ಲ. ಅದಕ್ಕೆ ಸರ್ಕಾರಿ ಆಸ್ಪತ್ರೆಗಳಿವೆ, ಅಲ್ಲಿ ಪರೀಕ್ಷೆಗೆ ಹಣವನ್ನೂ ಕೊಡಬೇಕಾಗಿಲ್ಲ. ಮಂಡಳಿಗಳು ಮಾಡಬಹುದಾದುದು ಇಷ್ಟು: ಒಂದು ದಿನದ ವಾಹನ, ಕೂಲಿ ಕಳೆದುಕೊಳ್ಳುವ ಹೆಂಗಸರಿಗೆ ಆ ದಿನದ ಕೂಲಿ, ಕನ್ನಡ, ಮರಾಠಿಗಳೆರಡರಲ್ಲಿಯೂ ಮಾತನಾಡಬಲ್ಲ ಒಬ್ಬ ಜೊತೆಗಾತಿ, ದೋಷ ಕಂಡವರ ಮುಂದಿನ ಪ್ರಯಾಣದ ವೆಚ್ಚ. ಜಾತಿಮತಗಳ ಭೇದವಿಲ್ಲದೆ ಇದನ್ನು ಮಾಡಬೇಕು. ಪರೀಕ್ಷೆಗೆ ನಾಚುವವರು ತಾವೇ ಮಾದರಿ ತೆಗೆದು ಕೊಡಬಹುದಾದ ಎಚ್.ಪಿ.ವಿ. ಪರೀಕ್ಷೆಯನ್ನು ವಿಶ್ವ ಆರೋಗ್ಯ ಸಂಸ್ಥೆ 2021ರ ತನ್ನ ಮಾರ್ಗಸೂಚಿಯಲ್ಲಿ ಒಪ್ಪಿದೆ. ಅನುಕೂಲವಿದ್ದವರು ಅದರ ವಿಚಾರವನ್ನೂ ವೈದ್ಯರಲ್ಲಿ ಕೇಳಬಹುದು.

ಮನೆಯ ಗಂಡಸರಿಗೂ ಒಂದು ಮಾತು. ಹೆಂಗಸರ ವಿಷಯವೆಂದು ದೂರ ನಿಲ್ಲಬೇಡಿ. ತಾಯಿಯನ್ನು ತೀರ್ಥಯಾತ್ರೆಗೆ ಕರೆದೊಯ್ಯುವ ಮಗ ಆಸ್ಪತ್ರೆಯ ಬಾಗಿಲಿನವರೆಗೂ ಕರೆದೊಯ್ಯಬಹುದು. ಮುಟ್ಟು ನಿಂತ ಮೇಲೆ ರಕ್ತ ಕಂಡರೆ, ದಾಂಪತ್ಯದ ಅನಂತರ ರಕ್ತ ಕಂಡರೆ, ದುರ್ವಾಸನೆಯ ಸ್ರಾವವಿದ್ದರೆ, ಸ್ತನದಲ್ಲಿ ಗಂಟು ಕೈಗೆ ಸಿಕ್ಕರೆ, ಅದು ನೋಯದಿದ್ದರೂ, ಶಿಬಿರದ ದಿನವನ್ನು ಕಾಯದೆ ಕೂಡಲೇ ವೈದ್ಯರನ್ನು ಕಾಣಬೇಕು.

ಅಕ್ಕನ ಸೊಸೆಗೆ ಈಗ ಮೂವತ್ತೆಂಟು. ಅವಳು ಕೇಳಿಸಿಕೊಳ್ಳದೆಯೇ ಹೋಗಿ ಪರೀಕ್ಷೆ ಮಾಡಿಸಿಕೊಂಡು ಬಂದು, “ಮೌಶಿ, ಎಲ್ಲ ಛಲೋ ಅದರಿ” ಎಂದು ಫೋನಿನಲ್ಲಿ ಹೇಳಿದಳು. ಕಳೆದ ದಶಲಕ್ಷಣ ಪರ್ವದಲ್ಲಿ ಹಿರಿಯರೊಬ್ಬರು ಅದೇ ಬಸದಿಯ ಅದೇ ಹೊರಗಿನ ಕಟ್ಟೆಯ ಮೇಲೆ ಕುಳಿತಿದ್ದರು. ನನ್ನ ಎದೆ ಹೊಡೆದುಕೊಂಡಿತು. ಪೂಜೆಯ ನಡುವೆಯೇ ಎದ್ದು ಹೋಗಿ ಅವರ ಪಕ್ಕದಲ್ಲಿ ಕುಳಿತು, ಯಾಕೆ ಹೊರಗಿದ್ದೀರಿ ಎಂದು ಕೇಳಿದೆ. ಅವರಿಗೆ ನಿಜವಾಗಿಯೂ ಮೊಣಕಾಲು ನೋವೇ ಇತ್ತು. ಇಬ್ಬರೂ ನಕ್ಕೆವು. ಅನಂತರ, ತಪಾಸಣೆ ಎಂದಾದರೂ ಆಗಿದೆಯೇ ಎಂದು ಕೇಳಿದೆ. ಇಲ್ಲವೆಂದರು. ಪರ್ವ ಮುಗಿದ ಮರುವಾರ ನಾವಿಬ್ಬರೂ ಕೂಡಿಯೇ ಆಸ್ಪತ್ರೆಗೆ ಹೋದೆವು.